ತತ್ತಿ ಹಸಿಯೋ, ಬೆಂದದ್ದೋ? ಓವಾಲ್ಬುಮಿನ್ ಆ್ಯಂಟಿಬಾಡಿ ಆರಿಸುವ ಮುನ್ನ

ಹೋದ ವರ್ಷ ಮಾರ್ಚ್‌ನಲ್ಲಿ ಸಿಂಧನೂರು ಕಡೆಯ ಪಿಎಚ್‌ಡಿ ಹುಡುಗಿಯೊಬ್ಬಳು ರಾಯಚೂರಿನ ನಮ್ಮ ಲ್ಯಾಬಿಗೆ ಬಂದಿದ್ದಳು. ಕೈಯಲ್ಲಿ ನಾಲ್ಕು ಕೊಟೇಶನ್. ನಾಲ್ಕರ ಮೇಲೂ ಒಂದೇ ಹೆಸರು: ಓವಾಲ್ಬುಮಿನ್ ಆ್ಯಂಟಿಬಾಡಿ. ಅಂದರೆ, ತತ್ತಿಯ ಬಿಳಿಯ ಮುಖ್ಯ ಪ್ರೋಟೀನ್ ಆದ ಓವಾಲ್ಬುಮಿನ್‌ಗೆ ಅಂಟಿಕೊಂಡು ಅದನ್ನು ಹುಡುಕಿಕೊಡುವ ವಸ್ತು. ಬೆಲೆ ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ.

“ಮೇಡಂ, ಈ ನಾಲ್ಕರಾಗ ಛಲೋದು ಯಾವ್ದ್ರಿ?”

“ಅದಿರ್ಲಿ, ನಿನ್ನ ತತ್ತಿ ಹಸೀದೋ ಬೆಂದದ್ದೋ, ಮೊದ್ಲ ಅದನ್ನ ಹೇಳವ್ವ.”

“ಬೇಕರಿ ಬಿಸ್ಕಿಟ್ ರೀ. ಎಗ್‌ಲೆಸ್ ಅಂತ ಬರದಿರ್ತಾರಲ್ಲ, ಅದರಾಗ ಖರೇನ ತತ್ತಿ ಇಲ್ಲೇನು ಅಂತ ನೋಡಬೇಕು.”

ಆ ಒಂದು ಉತ್ತರಕ್ಕೆ ಅತಿ ದುಬಾರಿ ಕೊಟೇಶನ್ ಅಲ್ಲೇ ಬಿದ್ದುಹೋಯಿತು. ಇನ್ನೊಂದರ ಮೇಲೆ ಅನುಮಾನ ಶುರುವಾಯಿತು. ಕ್ಯಾಟಲಾಗ್ ತೆರೆಯುವ ಮೊದಲೇ ಆಯ್ಕೆ ಅರ್ಧ ಮುಗಿದಿರಬೇಕು ಎಂದು ನಾನು ಹೇಳುವುದು ಇದಕ್ಕೇ. ನಿಮ್ಮ ಸ್ಯಾಂಪಲ್‌ಗೆ ಏನೇನಾಗಿದೆ? ಹಸಿಯಾಗಿದೆಯೋ, ಕುದಿದಿದೆಯೋ, ಮೈದಾದ ಜೊತೆ ಒಲೆಯಲ್ಲಿ ಬೆಂದಿದೆಯೋ, ಇಲಿಯ ಮೈ ಹೊಕ್ಕಿದೆಯೋ? ಆ್ಯಂಟಿಬಾಡಿಯ ಗುಣ ತಿಳಿಯುವುದು ಆಮೇಲೆ.

ಈ ಭಾಗದಲ್ಲಿ ತತ್ತಿಯ ಬಗ್ಗೆ ಕೇಳಿಕೊಂಡು ಬರುವವರು ಸುಮ್ಮನೆ ಬರುವುದಿಲ್ಲ. ಪಕ್ಕದ ಹೊಸಪೇಟೆಯ ತತ್ತಿ ದರ ದಿನಾ ಪ್ರಕಟವಾಗುವಷ್ಟು ಕೋಳಿ ಸಾಕಣೆ ಇಲ್ಲಿದೆ. 2021ರ ಡಿಸೆಂಬರ್‌ನಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿ ಏಳು ಜಿಲ್ಲೆಗಳ ಶಾಲಾ ಮಕ್ಕಳಿಗೆ ಬಿಸಿಯೂಟದ ಜೊತೆ ತತ್ತಿ ಕೊಡುವುದು ಶುರುವಾಯಿತು. ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ನಿಯಮಗಳ ಪ್ರಕಾರ ಪೊಟ್ಟಣದ ತಿನಿಸಿನಲ್ಲಿ ತತ್ತಿ ಇದ್ದರೆ ಅಲರ್ಜಿ ಪದಾರ್ಥವೆಂದು ಬರೆಯಲೇಬೇಕು. ಕೆಲವು ಮಕ್ಕಳಿಗೆ ತತ್ತಿ ಆಗಿಬರುವುದಿಲ್ಲ, ಕೆಲವರು ನಂಬಿಕೆಯಿಂದ ತಿನ್ನುವುದಿಲ್ಲ. ಸ್ಯಾಂಪಲ್‌ನ ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದಂತೆ ಬೇರ್ಪಡಿಸಿ, ಮೆಂಬ್ರೇನ್ ಎಂಬ ತೆಳು ಹಾಳೆಗೆ ಇಳಿಸಿ, ಆ್ಯಂಟಿಬಾಡಿ ಹಾಕುತ್ತೇವೆ. ಅದು ಅಂಟಿದ ಕಡೆ ಪಟ್ಟಿ ಮೂಡುತ್ತದೆ, ಇದೇ ವೆಸ್ಟರ್ನ್ ಬ್ಲಾಟ್. ಇಬ್ಬರಿಗೂ ನಮ್ಮ ಮೆಂಬ್ರೇನ್ ಮೇಲಿನ ಒಂದು ಪಟ್ಟಿ ನಿಜವಾಗಿರಬೇಕು.

ಮೊದಲು ಹೆಸರಿನ ಗೊಂದಲ

ತತ್ತಿಯ ಬಿಳಿಯಲ್ಲಿ ಸುಮಾರು ಹತ್ತನೇ ಒಂದು ಪಾಲು ಪ್ರೋಟೀನ್, ಉಳಿದದ್ದು ಹೆಚ್ಚುಕಡಿಮೆ ನೀರೇ. ಆ ಪ್ರೋಟೀನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ 54 ಶೇಕಡಾದಷ್ಟು, ಓವಾಲ್ಬುಮಿನ್. 385 ಅಮೈನೋ ಆಮ್ಲಗಳ ಸರಪಳಿ, ಜೆಲ್ ಮೇಲೆ 45 ಕಿಲೋಡಾಲ್ಟನ್ (ಪ್ರೋಟೀನ್‌ನ ತೂಕದ ಅಳತೆ) ಆಸುಪಾಸಿನಲ್ಲಿ ನಿಲ್ಲುತ್ತದೆ. ಓವೋಟ್ರಾನ್ಸ್‌ಫೆರಿನ್ 12, ಓವೋಮ್ಯೂಕಾಯ್ಡ್ 11, ಲೈಸೋಜೈಮ್ ಮೂರೂವರೆ ಶೇಕಡಾದಷ್ಟು. ಅಲರ್ಜಿಯವರ ಪಟ್ಟಿಯಲ್ಲಿ ಓವೋಮ್ಯೂಕಾಯ್ಡ್ ಗ್ಯಾಲ್ ಡಿ 1, ಓವಾಲ್ಬುಮಿನ್ ಗ್ಯಾಲ್ ಡಿ 2.

ಓವಾಲ್ಬುಮಿನ್‌ಗೆ ‘ಚಿಕನ್ ಎಗ್ ಆಲ್ಬುಮಿನ್’ ಎಂಬ ಹೆಸರೂ ಇದೆ. ‘ಚಿಕನ್ ಆಲ್ಬುಮಿನ್’ ಎಂದರೆ ಮಾತ್ರ ಬೇರೆ: ಅದು ಕೋಳಿಯ ರಕ್ತದ ಸೀರಮ್ ಆಲ್ಬುಮಿನ್. ತತ್ತಿಯ ಹಳದಿಯಲ್ಲಿ ಸಿಗುತ್ತದೆ, ಬಿಳಿಯ ಈ ಪ್ರೋಟೀನ್‌ಗೂ ಅದಕ್ಕೂ ನಂಟಿಲ್ಲ. ನನಗೆ ಇದು ಪೆಟ್ಟು ತಿಂದು ತಿಳಿದದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಬ್ಬ ಡೀಲರ್ ಫೋನಿನಲ್ಲೇ ‘ಎರಡೂ ಒಂದೇ’ ಎಂದು ಹೇಳಿದ್ದನ್ನು ನಂಬಿ ಆರ್ಡರ್ ಹಾಕಿದ್ದೆ. ಎರಡು ವಾರ ಮೆಂಬ್ರೇನ್ ಖಾಲಿ. ಬ್ಲಾಕಿಂಗ್ (ಮೆಂಬ್ರೇನಿನ ಖಾಲಿ ಜಾಗ ಮುಚ್ಚುವ ದ್ರಾವಣ) ಬದಲಿಸಿದೆ, ಸೆಕೆಂಡರಿ (ಮೊದಲ ಆ್ಯಂಟಿಬಾಡಿಗೆ ಅಂಟಿ ಅದನ್ನು ಕಾಣಿಸುವ ಎರಡನೆಯ ಆ್ಯಂಟಿಬಾಡಿ) ಬದಲಿಸಿದೆ, ಟ್ರಾನ್ಸ್‌ಫರ್ ಬಫರ್ ಹೊಸದಾಗಿ ಮಾಡಿದೆ. ಕೊನೆಗೆ ಮಾಂಸದಂಗಡಿಯಿಂದ ಕೋಳಿ ರಕ್ತ ತಂದು ಸೀರಮ್ ಬೇರ್ಪಡಿಸಿ ಒಂದು ಲೇನಿಗೆ ಹಾಕಿದೆ. 65ರಿಂದ 70 ಕಿಲೋಡಾಲ್ಟನ್ ನಡುವೆ ದಪ್ಪನೆಯ ಪಟ್ಟಿ ಎದ್ದು ನಿಂತಿತು. ಆ್ಯಂಟಿಬಾಡಿ ಚೆನ್ನಾಗಿಯೇ ಇತ್ತು, ಅದು ಹುಡುಕುತ್ತಿದ್ದ ವಸ್ತುವೇ ನನ್ನ ಸ್ಯಾಂಪಲ್‌ನಲ್ಲಿರಲಿಲ್ಲ.

ಅಂದಿನಿಂದ ಹೆಸರು ನೋಡಿ ಆರ್ಡರ್ ಮಾಡುವುದನ್ನು ಬಿಟ್ಟಿದ್ದೇನೆ. ಯೂನಿಪ್ರಾಟ್ ಸಂಖ್ಯೆ, ಅಂದರೆ ಪ್ರೋಟೀನ್‌ಗಳ ಜಾಗತಿಕ ಪಟ್ಟಿಯಲ್ಲಿನ ಗುರುತಿನ ಸಂಖ್ಯೆ, ಕೇಳುತ್ತೇನೆ. ಓವಾಲ್ಬುಮಿನ್ ಪಿ01012, ಓವೋಮ್ಯೂಕಾಯ್ಡ್ ಪಿ01005, ಕೋಳಿಯ ಸೀರಮ್ ಆಲ್ಬುಮಿನ್ ಪಿ19121. ಈ ಮೂರನ್ನು ಡೈರಿಯಲ್ಲಿ ಬರೆದಿಟ್ಟುಕೊಳ್ಳಿ.

ಪಾಲಿಕ್ಲೋನಲ್ಲೋ, ಮೊನೊಕ್ಲೋನಲ್ಲೋ

ಹುಡುಗಿಯ ಮೊದಲ ಕೊಟೇಶನ್ ಮೊಲದ ಪಾಲಿಕ್ಲೋನಲ್ಲಿನದು, ನಾಲ್ಕರಲ್ಲಿ ಅತಿ ಅಗ್ಗದ್ದು. ಎರಡನೆಯದು ಇಲಿಯ ಮೊನೊಕ್ಲೋನಲ್.

ಮೊಲಕ್ಕೆ ಓವಾಲ್ಬುಮಿನ್ ಚುಚ್ಚಿದರೆ ಅದರ ಮೈ ಆ ಪ್ರೋಟೀನ್‌ನ ಹತ್ತಾರು ಜಾಗಗಳ ಮೇಲೆ ಹತ್ತಾರು ಬಗೆಯ ಆ್ಯಂಟಿಬಾಡಿ ಮಾಡುತ್ತದೆ. ಆ ಇಡೀ ಗುಂಪೇ ಪಾಲಿಕ್ಲೋನಲ್. ಬೇಯಿಸುವಾಗ ಪ್ರೋಟೀನ್‌ನ ಒಂದಿಷ್ಟು ಜಾಗ ಕೆಟ್ಟರೂ ಉಳಿದ ಜಾಗಗಳಿಗೆ ಅಂಟಿಕೊಳ್ಳುವವು ಗುಂಪಿನಲ್ಲಿ ಇದ್ದೇ ಇರುತ್ತವೆ. ಕೊರತೆ ಏನೆಂದರೆ ಇದು ಪ್ರಾಣಿಯಿಂದ ಪ್ರಾಣಿಗೆ, ಲಾಟಿನಿಂದ ಲಾಟಿಗೆ ಬದಲಾಗುತ್ತದೆ. ಈ ವರ್ಷದ ಬಾಟಲಿಯಲ್ಲಿ ಬಂದ ಫಲಿತಾಂಶ ಮುಂದಿನ ವರ್ಷದ ಬಾಟಲಿಯಲ್ಲಿ ಹಾಗೇ ಬರುತ್ತದೆಂದು ಹೇಳಲಾಗದು. ಇನ್ನೊಂದು ತೊಡಕೂ ಇದೆ. ಮೊಲಕ್ಕೆ ಚುಚ್ಚಿದ ಓವಾಲ್ಬುಮಿನ್ ಪೂರ್ತಿ ಶುದ್ಧವಾಗಿರದಿದ್ದರೆ, ಅದರಲ್ಲಿ ಉಳಿದಿದ್ದ ಓವೋಮ್ಯೂಕಾಯ್ಡ್, ಲೈಸೋಜೈಮ್‌ಗಳ ಮೇಲೂ ಆ್ಯಂಟಿಬಾಡಿ ಹುಟ್ಟಿರುತ್ತದೆ. ತಿನಿಸಿನಲ್ಲಿ ತತ್ತಿ ಇದೆಯೋ ಇಲ್ಲವೋ ಎಂದಷ್ಟೇ ತಿಳಿಯಬೇಕಾದವರಿಗೆ ಇದು ದೋಷವಲ್ಲ, ಲಾಭವೇ. ಓವಾಲ್ಬುಮಿನ್ ಎಷ್ಟಿದೆ ಎಂದು ಅಳೆಯಬೇಕಾದವರು ಅಫಿನಿಟಿಯಿಂದ, ಅಂದರೆ ಓವಾಲ್ಬುಮಿನ್‌ಗೆ ಅಂಟುವವನ್ನಷ್ಟೇ ಆರಿಸಿ, ಶುದ್ಧ ಮಾಡಿದ್ದನ್ನೇ ಕೇಳಬೇಕು.

ಮೊನೊಕ್ಲೋನಲ್ 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ತೋರಿಸಿಕೊಟ್ಟ ದಾರಿಯದು. ಒಂದೇ ಕೋಶದ ಸಂತಾನ, ಒಂದೇ ಜಾಗಕ್ಕೆ ಅಂಟುವ ಒಂದೇ ಆ್ಯಂಟಿಬಾಡಿ. ವರ್ಷಗಟ್ಟಲೆ ಹೆಚ್ಚುಕಡಿಮೆ ಒಂದೇ ಸಮ ಸಿಗುತ್ತದೆ. ಆದರೆ ಆ ಒಂದು ಜಾಗ ಬೇಯುವಾಗ ಮುದುರಿಹೋದರೆ ಕಥೆ ಮುಗಿಯಿತು. ತತ್ತಿ ಇದ್ದರೂ ಪಟ್ಟಿ ಮೂಡುವುದಿಲ್ಲ, ನೀವು ‘ಇಲ್ಲ’ ಎಂದು ಬರೆದುಬಿಡುತ್ತೀರಿ. ಅಲರ್ಜಿಯ ವಿಷಯದಲ್ಲಿ ಇದಕ್ಕಿಂತ ಕೆಟ್ಟ ತಪ್ಪಿಲ್ಲ. ಜೊತೆಗೆ, ಸ್ಯಾಂಡ್‌ವಿಚ್ ಎಲೈಸಾದಲ್ಲಿ (ಎರಡು ಆ್ಯಂಟಿಬಾಡಿಗಳ ನಡುವೆ ಪ್ರೋಟೀನ್ ಹಿಡಿದು ಪ್ಲೇಟಿನಲ್ಲಿ ಅಳೆಯುವ ಪರೀಕ್ಷೆ) ಹಿಡಿಯುವುದಕ್ಕೂ ತೋರಿಸುವುದಕ್ಕೂ ಒಂದೇ ಮೊನೊಕ್ಲೋನಲ್ ಬಳಸಿದರೆ ನಡೆಯುವುದಿಲ್ಲ, ಆ ಜಾಗ ಆಗಲೇ ತುಂಬಿರುತ್ತದೆ. ಎರಡು ಬೇರೆ ಕ್ಲೋನ್ ಕೊಳ್ಳಬೇಕು, ಅಥವಾ ಹಿಡಿಯಲು ಮೊನೊಕ್ಲೋನಲ್, ತೋರಿಸಲು ಪಾಲಿಕ್ಲೋನಲ್ ಎಂದು ಜೋಡಿ ಮಾಡಬೇಕು. ನನಗೆ ಹೆಚ್ಚು ಸಲ ಕೈಹಿಡಿದದ್ದು ಈ ಎರಡನೆಯ ಜೋಡಿ.

ಈಗ ರೀಕಾಂಬಿನಂಟ್, ಅಂದರೆ ಆ್ಯಂಟಿಬಾಡಿಯ ಜೀನ್ ಬಳಸಿ ಲ್ಯಾಬಿನಲ್ಲಿ ತಯಾರಿಸಿದ, ಮೊನೊಕ್ಲೋನಲ್ ಕೂಡ ಬರುತ್ತಿವೆ. ಅದರ ಜೀನ್ ಸರಣಿ ಗೊತ್ತಿರುವುದರಿಂದ ಲಾಟಿನ ಏರುಪೇರು ಬಹಳ ಕಡಿಮೆ. ಐದಾರು ವರ್ಷ ಒಂದೇ ಅಸ್ಸೇ (ಪರೀಕ್ಷೆ) ನಡೆಸುವವರಿಗೆ ಕೊಟ್ಟ ದುಡ್ಡು ದಕ್ಕುತ್ತದೆ. ಒಂದು ಥೀಸಿಸ್ ಮುಗಿಸುವವರಿಗೆ ಅಷ್ಟು ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ.

ಬೆಂದ ತತ್ತಿಯ ವಿಚಾರ

ಓವಾಲ್ಬುಮಿನ್ ಸುಮಾರು 84 ಡಿಗ್ರಿಯ ಹೊತ್ತಿಗೆ ಬಿಚ್ಚಿಕೊಂಡು ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಬಾಣಲೆಯಲ್ಲಿ ಬಿಳಿ ಗಟ್ಟಿಯಾಗುವುದನ್ನು ದಿನಾ ನೋಡುತ್ತೇವಲ್ಲ, ಅದರಲ್ಲಿ ಇದರ ಪಾಲು ದೊಡ್ಡದು. ಗಟ್ಟಿಯಾದ ಮೇಲೆ ಸಾದಾ ಉಪ್ಪುನೀರಿನ ಬಫರಿಗೆ ಸರಿಯಾಗಿ ಇಳಿಯುವುದಿಲ್ಲ. ಸ್ಯಾಂಪಲ್ ಅರೆದು, ಬಫರಿನಲ್ಲಿ ಕಲಕಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿ ತೆಗೆದುಕೊಂಡು ಪರೀಕ್ಷಿಸುತ್ತೇವೆ. ತತ್ತಿಯ ಪ್ರೋಟೀನ್ ತಳದ ಗಸಿಯಲ್ಲೇ ಉಳಿದಿದ್ದರೆ ಎಂಥ ದುಬಾರಿ ಆ್ಯಂಟಿಬಾಡಿಗೂ ಅದು ಕಾಣುವುದಿಲ್ಲ.

ತತ್ತಿ ಹಳತಾದಷ್ಟೂ ಇನ್ನೊಂದು ಬದಲಾವಣೆ ನಡೆಯುತ್ತದೆ. ಚಿಪ್ಪಿನ ರಂಧ್ರಗಳಿಂದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಬಿಳಿಯ ಪಿಎಚ್ 9 ದಾಟುತ್ತದೆ. ಓವಾಲ್ಬುಮಿನ್ ನಿಧಾನಕ್ಕೆ ಎಸ್-ಓವಾಲ್ಬುಮಿನ್ ಎಂಬ ಇನ್ನೂ ಗಟ್ಟಿಯಾದ ರೂಪಕ್ಕೆ ತಿರುಗುತ್ತದೆ. ಅದು ಬಿಚ್ಚಿಕೊಳ್ಳಲು 92 ಡಿಗ್ರಿ ಹತ್ತಿರ ಬೇಕು. ಬಿಸಿ ಹೆಚ್ಚಿದಷ್ಟೂ ಈ ತಿರುವು ಬೇಗ. ನಮ್ಮೂರ ಮೇ ತಿಂಗಳಲ್ಲಿ ಅಂಗಡಿಯ ಟ್ರೇನಲ್ಲಿ ವಾರ ಕಳೆದ ತತ್ತಿಯನ್ನೂ ಫ್ರಿಜ್‌ನಲ್ಲಿಟ್ಟ ತತ್ತಿಯನ್ನೂ ಒಂದೇ ಎಂದು ಸ್ಟ್ಯಾಂಡರ್ಡ್ ಆಗಿ ಬಳಸಬೇಡಿ.

ನೀರಲ್ಲಿ ಕುದಿಸಿದ ತತ್ತಿಯಾದರೆ ಓವೋಮ್ಯೂಕಾಯ್ಡ್ ಆ್ಯಂಟಿಬಾಡಿ ಮೇಲು. ಅದರ 186 ಅಮೈನೋ ಆಮ್ಲಗಳನ್ನು ಒಂಬತ್ತು ಡೈಸಲ್ಫೈಡ್ ಬಂಧಗಳು ಹೊಲಿಗೆ ಹಾಕಿದಂತೆ ಹಿಡಿದಿರುತ್ತವೆ, ಅದಕ್ಕೇ ಕುದಿದರೂ ಕರಗಿಯೇ ಇರುತ್ತದೆ. ಬೆಂದ ತತ್ತಿಗೂ ಅಲರ್ಜಿಯಾಗುವ ಮಕ್ಕಳಲ್ಲಿ ವೈದ್ಯರು ಇದನ್ನು ಮುಖ್ಯವಾಗಿ ನೋಡುವುದೂ ಅದಕ್ಕೇ. ಬಿಸ್ಕಿಟಿನಲ್ಲಿ ಮಾತ್ರ ಆಟ ಬೇರೆ. ಗೋಧಿಯ ಗ್ಲುಟೆನ್ ಜೊತೆ ಬೇಯುವಾಗ ಓವೋಮ್ಯೂಕಾಯ್ಡ್ ಕೂಡ ಅದಕ್ಕೆ ಕಟ್ಟಿಕೊಂಡು ಕರಗದಂತಾಗುತ್ತದೆ. ಆಗ ಎಸ್‌ಡಿಎಸ್ ಎಂಬ ಸಾಬೂನಿನಂಥ ವಸ್ತು ಮತ್ತು ಡೈಸಲ್ಫೈಡ್ ಮುರಿಯುವ ಮರ್ಕ್ಯಾಪ್ಟೋಎಥನಾಲ್ ಹಾಕಿ ಬಂಧಗಳನ್ನು ಬಿಡಿಸಿಯೇ ಹೊರತೆಗೆಯಬೇಕು. ಹಾಗೆ ಬಿಡಿಸಿದ ಪ್ರೋಟೀನ್ ತನ್ನ ಮೂಲ ಆಕಾರದಲ್ಲಿ ಇರುವುದಿಲ್ಲವಾದ್ದರಿಂದ, ಬಿಚ್ಚಿದ ರೂಪವನ್ನೂ ಗುರುತಿಸುವ ಆ್ಯಂಟಿಬಾಡಿಯೇ ಬೇಕು. ಡೇಟಾಶೀಟಿನಲ್ಲಿ ‘ಎಲೈಸಾಗೆ ಪರೀಕ್ಷಿಸಿದೆ’ ಎಂದಷ್ಟೇ ಇದ್ದರೆ ಬಿಸ್ಕಿಟಿನವರು ಮುಂದಕ್ಕೆ ಹೋಗಬೇಡಿ. ರೆಡ್ಯೂಸ್ ಮಾಡಿದ, ಅಂದರೆ ಹೀಗೆ ಬಂಧ ಬಿಡಿಸಿದ, ಸ್ಯಾಂಪಲ್‌ನ ವೆಸ್ಟರ್ನ್ ಬ್ಲಾಟ್ ಚಿತ್ರ ಕಳಿಸಿ ಎಂದು ಕೇಳಿ. ಒಳ್ಳೆಯ ಕಂಪನಿಯವರು ಕಳಿಸುತ್ತಾರೆ.

ಹಳೆಯ ಕೋಟೆ, ಗುಡಿಗಳ ಗಾರೆಗೆ ತತ್ತಿಯ ಬಿಳಿ ಹಾಕಿದ್ದರು ಎಂಬ ಮಾತು ಆನೆಗುಂದಿ, ಹಂಪಿ ಕಡೆ ಹೋದಾಗಲೆಲ್ಲ ಕೇಳುತ್ತೇವೆ. ಅಂಥದ್ದನ್ನು ಪರೀಕ್ಷಿಸಬೇಕೆನ್ನುವವರಿಗೂ ಪಾಲಿಕ್ಲೋನಲ್ಲೇ ಸರಿ. ಕಾಲ ಕಳೆದಂತೆ ಪ್ರೋಟೀನ್ ತುಂಡುತುಂಡಾಗಿರುತ್ತದೆ, ಯಾವ ಜಾಗ ಉಳಿದಿದೆಯೆಂದು ಮೊದಲೇ ಹೇಳಲಾಗುವುದಿಲ್ಲ.

ಇಲಿಯ ಮೇಲೆ ಕೆಲಸ ಮಾಡುವವರಿಗೆ

ಮೆಡಿಕಲ್ ಕಾಲೇಜು, ಫಾರ್ಮಸಿ ಕಾಲೇಜಿನವರು ಓವಾಲ್ಬುಮಿನ್ ಕೊಂಡು ತರುವುದು ಬಿಸ್ಕಿಟಿಗಲ್ಲ. ಆಲಮ್ (ಮೈಯ ಪ್ರತಿಕ್ರಿಯೆ ಹೆಚ್ಚಿಸುವ ಅಲ್ಯೂಮಿನಿಯಂ ಲವಣ) ಜೊತೆ ಇಲಿಗೆ ಚುಚ್ಚಿ ಅಲರ್ಜಿ ಬರಿಸಿ, ಉಬ್ಬಸದ ಮಾದರಿ ಮಾಡಿ ಔಷಧ ನೋಡುತ್ತಾರೆ. ಅವರಲ್ಲಿ ಅರ್ಧ ಜನಕ್ಕೆ ಬೇಕಿರುವುದು ಓವಾಲ್ಬುಮಿನ್ ಹುಡುಕುವ ಆ್ಯಂಟಿಬಾಡಿ ಅಲ್ಲವೇ ಅಲ್ಲ. ಇಲಿಯ ರಕ್ತದಲ್ಲಿ ಓವಾಲ್ಬುಮಿನ್ ವಿರುದ್ಧ ಹುಟ್ಟಿದ ಐಜಿಇ (ಅಲರ್ಜಿ ತರುವ ಬಗೆಯ ಆ್ಯಂಟಿಬಾಡಿ) ಎಷ್ಟಿದೆ ಎಂದು ಅಳೆಯಬೇಕು. ಅದಕ್ಕೆ ಪ್ಲೇಟಿಗೆ ಓವಾಲ್ಬುಮಿನ್ ಲೇಪಿಸಿ, ಇಲಿಯ ಐಜಿಇ ಹಿಡಿಯುವ ಸೆಕೆಂಡರಿ ಕೊಂಡರೆ ಆಯಿತು. ಓವಾಲ್ಬುಮಿನ್ ವಿರುದ್ಧದ ಇಲಿ ಐಜಿಇ ಮೊನೊಕ್ಲೋನಲ್ ಬೇಕಾಗುವುದು ಸ್ಟ್ಯಾಂಡರ್ಡ್ ಗೆರೆ ಎಳೆಯುವುದಕ್ಕೆ.

ಶ್ವಾಸಕೋಶದ ತುಂಡಿನಲ್ಲಿ ಓವಾಲ್ಬುಮಿನ್ ಎಲ್ಲಿದೆಯೆಂದು ನೋಡುವವರು ಇಲಿಯ ಮೊನೊಕ್ಲೋನಲ್ ಕೊಳ್ಳಬೇಡಿ. ಇಲಿಯ ಆ್ಯಂಟಿಬಾಡಿ ಹಿಡಿಯುವ ಸೆಕೆಂಡರಿ, ಇಲಿಯ ಅಂಗಾಂಶದಲ್ಲಿ ಮೊದಲೇ ಇರುವ ಆ್ಯಂಟಿಬಾಡಿಯನ್ನೆಲ್ಲ ಹಿಡಿದು ಸ್ಲೈಡ್ ತುಂಬ ಕಂದು ಬಣ್ಣ ಮಾಡುತ್ತದೆ. ಮೊಲದ್ದು ತೆಗೆದುಕೊಳ್ಳಿ.

ಹುಡುಗಿಯ ಕೈಯಲ್ಲಿದ್ದ ಅತಿ ದುಬಾರಿ ಕೊಟೇಶನ್ ಇಲ್ಲಿಯದು: 25-ಡಿ1.16 ಎಂಬ ಕ್ಲೋನ್. ಬಹಳ ಹೆಸರಾದದ್ದು, ಅದರ ಕೆಲಸದಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅದು ಇಡೀ ಓವಾಲ್ಬುಮಿನ್ ಅನ್ನು ನೋಡುವುದೇ ಇಲ್ಲ. ಓವಾಲ್ಬುಮಿನ್‌ನ 257ರಿಂದ 264ರವರೆಗಿನ ಎಂಟು ಅಮೈನೋ ಆಮ್ಲಗಳ ತುಣುಕು, ಸಿನ್‌ಫೆಕಲ್ ಎಂದು ಕರೆಯುತ್ತಾರಲ್ಲ, ಅದು ಕೋಶದ ಹೊರಮೈಯಲ್ಲಿ ಪ್ರೋಟೀನ್ ತುಣುಕು ತೋರಿಸುವ ಇಲಿಯ ಎಚ್-2ಕೆಬಿ ಅಣುವಿನ ಮೇಲೆ ಕೂತಿದ್ದರೆ ಮಾತ್ರ ಅಂಟುತ್ತದೆ. ಆ ಅಣುವಿರುವ ಸಿ57ಬಿಎಲ್/6 ತಳಿಯ ಇಲಿಯ ಕೋಶಗಳನ್ನು ಫ್ಲೋ ಸೈಟೋಮೀಟರಿನಲ್ಲಿ (ಕೋಶಗಳನ್ನು ಒಂದೊಂದಾಗಿ ನೋಡುವ ಯಂತ್ರ) ನೋಡುವವರಿಗೆ ಅದು ಬೇಕು. ಬಿಸ್ಕಿಟಿನಲ್ಲಿ ಎಚ್-2ಕೆಬಿ ಎಲ್ಲಿಂದ ಬರಬೇಕು? ಹುಡುಕಿದಾಗ ‘ಓವಾಲ್ಬುಮಿನ್’ ಎಂಬ ಪದ ಕಂಡಿತೆಂದು ಅವಳು ಕೊಟೇಶನ್ ತರಿಸಿದ್ದಳು. ಗೈಡ್ ಸಹಿಯೂ ಆಗಿತ್ತು.

ಬಯೋಟಿನ್ ಹಚ್ಚಿದ್ದು

ನಾಲ್ಕನೆಯ ಕೊಟೇಶನ್ ಬಯೋಟಿನ್ ಎಂಬ ವಿಟಮಿನ್ ಹಚ್ಚಿದ ಪಾಲಿಕ್ಲೋನಲ್. ಆ ಬಯೋಟಿನ್ ಅನ್ನು ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನ್ ಹಿಡಿದು ಸಿಗ್ನಲ್ ಕೊಡುತ್ತದೆ. ಬೇರೆ ಪ್ರೋಟೀನ್‌ಗಳಿಗೆ ನಾನೇ ಬಯೋಟಿನ್–ಸ್ಟ್ರೆಪ್ಟಾವಿಡಿನ್ ತೆಗೆದುಕೊಳ್ಳಿ ಎನ್ನುತ್ತೇನೆ, ಸಿಗ್ನಲ್ ಚೆನ್ನಾಗಿ ಏರುತ್ತದೆ. ತತ್ತಿಯ ಬಿಳಿಯಲ್ಲಿ ಮಾತ್ರ ಬೇಡ. ಸ್ಟ್ರೆಪ್ಟಾವಿಡಿನ್‌ನಂತೆಯೇ ಬಯೋಟಿನ್ ಹಿಡಿಯುವ ಅವಿಡಿನ್ ಸಿಕ್ಕಿದ್ದೇ ತತ್ತಿಯ ಬಿಳಿಯಲ್ಲಿ. ಅಲ್ಲಿನ ಪ್ರೋಟೀನ್‌ನಲ್ಲಿ ಅದರ ಪಾಲು 0.05 ಶೇಕಡಾದಷ್ಟು ಸಣ್ಣದಾದರೂ ಬಯೋಟಿನ್ ಕಂಡರೆ ಬಿಡದೆ ಹಿಡಿಯುತ್ತದೆ. ಮೇಲಾಗಿ ಅವಿಡಿನ್‌ಗೆ ಧನ ವಿದ್ಯುದಂಶ ಹೆಚ್ಚು, ಪ್ಲೇಟಿಗೂ ಮೆಂಬ್ರೇನಿಗೂ ಸುಲಭವಾಗಿ ಅಂಟುತ್ತದೆ. ಹಸಿ ಬಿಳಿಯ ಡಾಟ್ ಬ್ಲಾಟಿನಲ್ಲಿ (ಜೆಲ್ ಇಲ್ಲದೆ ನೇರ ಮೆಂಬ್ರೇನಿನ ಮೇಲೆ ಚುಕ್ಕೆ ಇಡುವುದು) ಬಯೋಟಿನ್ ಹಚ್ಚಿದ ಯಾವ ಆ್ಯಂಟಿಬಾಡಿ ಹಾಕಿದರೂ, ಅದು ಓವಾಲ್ಬುಮಿನ್ ವಿರುದ್ಧದ್ದಲ್ಲದಿದ್ದರೂ, ಚುಕ್ಕೆ ಮೂಡಬಹುದು. ನೇರವಾಗಿ ಎಚ್‌ಆರ್‌ಪಿ (ಬಣ್ಣ ಅಥವಾ ಬೆಳಕು ಮೂಡಿಸುವ ಕಿಣ್ವ) ಹಚ್ಚಿದ್ದನ್ನೋ, ಎಚ್‌ಆರ್‌ಪಿ ಸೆಕೆಂಡರಿಯನ್ನೋ ಬಳಸಿದರೆ ಈ ತಲೆನೋವೇ ಇಲ್ಲ. ಎಚ್‌ಆರ್‌ಪಿ ಬಳಸುವಾಗ ಬಫರಿನಲ್ಲಿ ಸೋಡಿಯಂ ಅಜೈಡ್ ಇರದಂತೆ ನೋಡಿಕೊಳ್ಳಿ, ಅದು ಕಿಣ್ವವನ್ನು ಕಟ್ಟಿಹಾಕುತ್ತದೆ.

ಬ್ಲಾಕಿಂಗ್‌ಗೆ ಹಾಲಿನ ಪುಡಿ ಅಥವಾ ಬಿಎಸ್‌ಎ (ದನದ ಸೀರಮ್ ಆಲ್ಬುಮಿನ್) ಸಾಕು. ಕೆಲವು ಸಿದ್ಧ ಬ್ಲಾಕಿಂಗ್ ಬಫರುಗಳಲ್ಲಿ ಓವಾಲ್ಬುಮಿನ್ನೇ ಇರುತ್ತದೆ. ಬಾಟಲಿಯ ಹಿಂದಿನ ಚೀಟಿ ಓದದೆ ಸುರಿಯಬೇಡಿ.

ಬೆಲೆ ಲೆಕ್ಕ, ಬಿಸಿಲಿನ ಲೆಕ್ಕ

ಬಾಟಲಿಯ ಬೆಲೆ ಹೋಲಿಸುವುದು ತಪ್ಪು ಲೆಕ್ಕ. ಒಂದು ಬ್ಲಾಟಿಗೆ ಎಷ್ಟು ಬೀಳುತ್ತದೆ ನೋಡಿ. 100 ಮೈಕ್ರೋಲೀಟರ್ ಬಾಟಲಿ, ಒಂದು ಬ್ಲಾಟಿಗೆ 10 ಮಿಲಿಲೀಟರ್ ದ್ರಾವಣ ಎಂದಿಟ್ಟುಕೊಳ್ಳಿ. 1:1000ಕ್ಕೆ ಕೆಲಸ ಮಾಡುವ ಆ್ಯಂಟಿಬಾಡಿ ಹತ್ತು ಬ್ಲಾಟಿಗೆ ಮುಗಿಯುತ್ತದೆ, 1:10,000ಕ್ಕೆ ಕೆಲಸ ಮಾಡುವುದು ನೂರು ಬ್ಲಾಟಿಗೆ ಬರುತ್ತದೆ. ಮೂರು ಪಟ್ಟು ದುಬಾರಿಯಾದರೂ ಎರಡನೆಯದೇ ಅಗ್ಗ. ಡೇಟಾಶೀಟಿನ ಪ್ರಮಾಣ ಅವರ ಲ್ಯಾಬಿನದು, ನಿಮ್ಮದನ್ನು ನೀವೇ ಗೊತ್ತುಮಾಡಿಕೊಳ್ಳಬೇಕು. 96 ಗುಂಡಿಯ ಒಂದು ಪ್ಲೇಟಿನಲ್ಲಿ ಅಡ್ಡಕ್ಕೆ ಓವಾಲ್ಬುಮಿನ್ ಇಳಿಸುತ್ತ, ಉದ್ದಕ್ಕೆ ಆ್ಯಂಟಿಬಾಡಿ ಇಳಿಸುತ್ತ ಹೋದರೆ ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಬೇಗ ‘ಹೌದು–ಇಲ್ಲ’ ಬೇಕಾದ ಬೇಕರಿಯವರಿಗೆ ಸ್ಟ್ರಿಪ್ ಕಿಟ್ ಸಾಕು. ಆದರೆ ತತ್ತಿ ವಿಪರೀತ ಇದ್ದಾಗ ಸ್ಟ್ರಿಪ್ಪಿನ ಗೆರೆ ಮಸುಕಾಗಿ ‘ಇಲ್ಲ’ ಎಂಬಂತೆ ತೋರಬಹುದು. ಅದೇ ಸ್ಯಾಂಪಲ್ಲನ್ನು ನೂರು ಪಟ್ಟು ತೆಳುಮಾಡಿ ಇನ್ನೊಮ್ಮೆ ನೋಡುವ ರೂಢಿ ಇರಲಿ.

ಇನ್ನು ಬಿಸಿಲು. ಬೆಂಗಳೂರಿಂದಲೋ ಹೈದರಾಬಾದಿಂದಲೋ ಹೊರಟ ಥರ್ಮಾಕೋಲ್ ಡಬ್ಬಿ ಏಪ್ರಿಲ್, ಮೇನಲ್ಲಿ ರಾಯಚೂರಿಗೆ ಬರುವಷ್ಟರಲ್ಲಿ ಒಳಗಿನ ಜೆಲ್ ಪ್ಯಾಕ್ ಬೆಚ್ಚಗಾಗಿರುತ್ತದೆ. ಹೊರಗೆ 40 ಡಿಗ್ರಿ ದಾಟಿರುತ್ತದೆ. ಸಾದಾ ಐಜಿಜಿ, ಅಂದರೆ ಏನೂ ಹಚ್ಚದ ಆ್ಯಂಟಿಬಾಡಿ, ಒಂದೆರಡು ದಿನದ ಧಗೆಗೆ ಸಾಮಾನ್ಯವಾಗಿ ಸಾಯುವುದಿಲ್ಲ. ಎಚ್‌ಆರ್‌ಪಿ ಅಥವಾ ಫ್ಲೋರೋಫೋರ್ (ಹೊಳೆಯುವ ಬಣ್ಣ) ಹಚ್ಚಿದ್ದು ಅಷ್ಟು ತಡೆಯುವುದಿಲ್ಲ. ಹಾಗಾಗಿ ಎರಡು ಬಗೆ ಒಂದೇ ಗುಣದ್ದಾದರೆ ನಮ್ಮ ಕಡೆಯವರು ಪುಡಿಯ ರೂಪದ್ದನ್ನು, ಅಂದರೆ ಲಯೋಫಿಲೈಸ್ ಮಾಡಿದ್ದನ್ನು, ಆರಿಸಿಕೊಳ್ಳಬೇಕು. ಸಾಧ್ಯವಿದ್ದರೆ ದೀಪಾವಳಿಯಿಂದ ಶಿವರಾತ್ರಿಯೊಳಗೆ ತರಿಸಿ, ಸೋಮವಾರ ಕಳಿಸುವಂತೆ ಹೇಳಿ. ಶುಕ್ರವಾರ ಹೊರಟ ಡಬ್ಬಿ ಭಾನುವಾರವೆಲ್ಲ ಕೊರಿಯರ್ ಗೋದಾಮಿನಲ್ಲಿ ಕೂತಿರುತ್ತದೆ. ಕರೆಂಟ್ ಹೋಗಿಬರುವ ಕಡೆ ಅರ್ಧದಷ್ಟು ಗ್ಲಿಸರಾಲ್ ಇರುವ ದ್ರಾವಣ ಒಳ್ಳೆಯದು, ಮೈನಸ್ 20ರಲ್ಲೂ ಹೆಪ್ಪುಗಟ್ಟುವುದಿಲ್ಲ, ಕರಗಿ ಗಟ್ಟಿಯಾಗುವ ಕಾಟವಿಲ್ಲ. ಗ್ಲಿಸರಾಲ್ ಇಲ್ಲದ್ದು ಬಂದರೆ ಬಂದ ದಿನವೇ ಸಣ್ಣ ಸಣ್ಣ ಟ್ಯೂಬಿಗೆ ಹಂಚಿಡಿ.

ಪಾಸಿಟಿವ್ ಕಂಟ್ರೋಲ್‌ಗೆ, ಅಂದರೆ ಪಟ್ಟಿ ಬರಲೇಬೇಕಾದ ಹೋಲಿಕೆಯ ಸ್ಯಾಂಪಲ್‌ಗೆ, ದುಡ್ಡು ಹಾಕಬೇಡಿ. ಅಂಗಡಿಯ ಒಂದು ತಾಜಾ ತತ್ತಿಯ ಬಿಳಿಯನ್ನು ಬಫರಿನಲ್ಲಿ ಸಾವಿರ ಪಟ್ಟು ತೆಳುಮಾಡಿದರೆ ಮಿಲಿಲೀಟರಿಗೆ 0.1 ಮಿಲಿಗ್ರಾಂ ಪ್ರೋಟೀನ್ ಆಸುಪಾಸು. ಅದರ 10 ಮೈಕ್ರೋಲೀಟರಿನಲ್ಲಿ ಅರ್ಧ ಮೈಕ್ರೋಗ್ರಾಂ ಓವಾಲ್ಬುಮಿನ್ ಸಿಕ್ಕಿತು, ಒಂದು ಲೇನಿಗೆ ಬೇಕಾದಷ್ಟಾಯಿತು.

ಸಿಂಧನೂರಿನ ಹುಡುಗಿ ಕೊನೆಗೆ ತರಿಸಿದ್ದು ಮೊದಲನೆಯ ಕೊಟೇಶನ್ನಿನ ಮೊಲದ ಪಾಲಿಕ್ಲೋನಲ್, ಕಂಪನಿಯಿಂದ ಬ್ಲಾಟ್ ಚಿತ್ರ ತರಿಸಿ ನೋಡಿದ ಮೇಲೆ. ಉಳಿದ ದುಡ್ಡಿಗೆ ಓವೋಮ್ಯೂಕಾಯ್ಡ್ ಆ್ಯಂಟಿಬಾಡಿಯೂ ಬಂತು. ಪರಿಚಯದ ಬೇಕರಿಯವರನ್ನು ಕೇಳಿಕೊಂಡು ಎರಡು ತಟ್ಟೆ ಬಿಸ್ಕಿಟ್ ಮಾಡಿಸಿದಳು. ಒಂದಕ್ಕೆ ತತ್ತಿ ಸೋಕಿಸಿಲ್ಲ, ಇನ್ನೊಂದಕ್ಕೆ ತೂಕ ಮಾಡಿ ಹಾಕಿದ್ದು, ಎರಡೂ ಒಂದೇ ಓವನ್ನಿನಲ್ಲಿ ಬೆಂದದ್ದು. ಹಿಟ್ಟಿಗೆ ಆಮೇಲೆ ಹಸಿ ತತ್ತಿ ಕಲಸಿ ನೋಡುವುದಕ್ಕಿಂತ ಇದು ಎಷ್ಟೋ ಮೇಲು. ಜೂನ್‌ನಲ್ಲಿ ಅವಳು ತಂದು ತೋರಿಸಿದ ಬ್ಲಾಟ್ ನನ್ನ ಫೋನಿನಲ್ಲಿ ಇನ್ನೂ ಇದೆ. ಮೊದಲ ಲೇನ್, ತತ್ತಿಯಿಲ್ಲದ ಬಿಸ್ಕಿಟ್: ಖಾಲಿ. ಎರಡನೆಯದು ಹಸಿ ಬಿಳಿ: 45ರ ಬಳಿ ಗಟ್ಟಿ ಪಟ್ಟಿ. ಮೂರನೆಯದು ತತ್ತಿ ಹಾಕಿದ ಬಿಸ್ಕಿಟ್, ಉಪ್ಪುನೀರಿನ ಬಫರಿನಲ್ಲಿ ತೆಗೆದದ್ದು: ಕಣ್ಣು ಕಿರಿದು ಮಾಡಿ ನೋಡಿದರೆ ಒಂದು ನೆರಳು. ನಾಲ್ಕನೆಯದು ಅದೇ ಬಿಸ್ಕಿಟ್, ಎಸ್‌ಡಿಎಸ್ ಮತ್ತು ಮರ್ಕ್ಯಾಪ್ಟೋಎಥನಾಲ್‌ನಲ್ಲಿ ತೆಗೆದದ್ದು: 45ರ ಬಳಿ ಸ್ಪಷ್ಟ ಪಟ್ಟಿ, ಅದರ ಮೇಲೆ ಜೆಲ್‌ನ ಬಾವಿಯವರೆಗೂ (ಸ್ಯಾಂಪಲ್ ಹಾಕುವ ಗುಂಡಿ) ಹೊಗೆಯಂತೆ ಹಬ್ಬಿದ ಮಸುಕು.

“ಮೇಡಂ, ಮ್ಯಾಲಿನ ಹೊಗಿ ತಪ್ಪೇನ್ರಿ?” ಅಂದಳು.

“ಇಲ್ಲವ್ವ, ಅದು ಬೇಯುವಾಗ ಒಂದಕ್ಕೊಂದು ಅಂಟಿಕೊಂಡ ತತ್ತಿ. ಅದನ್ನ ಕತ್ತರಿಸಬ್ಯಾಡ, ಇಡೀ ಲೇನ್ ಥೀಸಿಸ್‌ನಾಗ ಹಾಕು.”